ಯುದ್ಧಾನಂತರ ಎಂಬ ಫ್ಲೆಕ್ಸು

ಕೆಲವರಿಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ. ನನ್ನದು ಪರಶುರಾಂಪುರದ ಬಸ್ಸಿನ ಹಾಗೆ. ಬರುವುದೇನೋ ಖಂಡಿತ, ಆದರೆ ಅದು ಬರುವ ಹೊತ್ತಿಗೆ ಕಾಯುತ್ತಿದ್ದವರೆಲ್ಲ ಆಟೋ ಹತ್ತಿ ಹೋಗಿರುತ್ತಾರೆ. ಸಾರಿಗೆ ಉಪ್ಪು ಹೆಚ್ಚಾದದ್ದಕ್ಕೆ ಮರುದಿನ ತಿಂಡಿಯ ಹೊತ್ತಿಗೆ ರೇಗಿ, ಹಾಗಾದರೆ ಇವತ್ತಿನ ಉಪ್ಪಿಟ್ಟಿಗೆ ನಾಳೆ ಬೈಯುತ್ತೀರೋ ಎಂದು ಹೆಂಡತಿಯಿಂದ ಕೇಳಿಸಿಕೊಂಡವನು ನಾನು. ಇಂಥವನಿಗೆ ಚಳ್ಳಕೆರೆಯ ಕಾಲೇಜೊಂದರಲ್ಲಿ ರಾಜ್ಯಶಾಸ್ತ್ರ ಹೇಳಿಕೊಡುವ ಕೆಲಸ. ಅದಕ್ಕೆ ಸಿಟ್ಟು ಬೇಕಾಗಿಲ್ಲ. ಅಡಿಟಿಪ್ಪಣಿ ಇದ್ದರೆ ಸಾಕು.

ಈಚೆಗೆ ನಮ್ಮಲ್ಲಿ ಉಕ್ರೇನ್ ಯುದ್ಧದ ಬಗ್ಗೆ ಒಂದು ದಿನದ ವಿಚಾರ ಸಂಕಿರಣ ನಡೆಯಿತು. ಆ ಯುದ್ಧಕ್ಕೂ ಚಳ್ಳಕೆರೆಗೂ ಏನು ಸಂಬಂಧ ಎಂದು ಕೇಳಬೇಡಿ. ಕಾಲೇಜಿಗೆ ತಪಾಸಣೆಯವರು ಬರುವವರಿದ್ದರು, ಅವರಿಗೆ ತೋರಿಸಲು ಒಂದು ಸಂಕಿರಣ ಬೇಕಾಗಿತ್ತು, ಸಂಬಂಧ ಅಷ್ಟೇ. ಸಂಚಾಲಕ ನಾನು. ವಿಷಯವನ್ನೂ ನಾನೇ ಇಟ್ಟೆ: 'ಯುದ್ಧಾನಂತರ ಜಗತ್ತು: ವಿದ್ವಾಂಸರ ದೃಷ್ಟಿಕೋನಗಳು'. ಫ್ಲೆಕ್ಸ್ ಅಂಗಡಿಯವನು ಅದನ್ನು ಎರಡು ಸಲ ಓದಿ, "ಯುದ್ಧ ಮುಗೀತಾ ಸಾರ್? ಟೀವಿಯಾಗೆ ಇನ್ನಾ ಹೊಡೆದಾಡ್ತಾ ಅವ್ರಲ್ಲ" ಅಂದ. 'ಅನಂತರ' ಎಂಬುದನ್ನು ವಿಶಾಲ ಅರ್ಥದಲ್ಲಿ ತೆಗೆದುಕೊಳ್ಳಬೇಕು ಎಂದು ನಾನು ವಿವರಿಸಿದೆ. ಅವನು ತಲೆಯಾಡಿಸಿ, ಕಟ್ಟುವುದಕ್ಕೆ ಮೂಲೆಯಲ್ಲಿ ತೂತು ಬೇಕೋ ಬೇಡವೋ ಎಂದು ಕೇಳಿದ. ಇಡೀ ಸಂಕಿರಣದಲ್ಲಿ ಯುದ್ಧದ ಬಗ್ಗೆ ಕೇಳಿಬಂದ ಮೊದಲ ಸರಿಯಾದ ಮಾತು ಅವನದೇ ಎಂದು ಈಗ ಅನ್ನಿಸುತ್ತದೆ.

ಅಧ್ಯಾಪಕರ ಜೊತೆಗೆ ಕಣ್ಣಾರೆ ಕಂಡವರೊಬ್ಬರು ಇರಲಿ ಎಂದು ಪಾಲಾಕ್ಷಿಯನ್ನು ಕರೆದಿದ್ದೆ. ಪರಶುರಾಂಪುರದ ಕಡೆಯ ಹುಡುಗಿ, ಪಿಯುಸಿಯಲ್ಲಿ ನಮ್ಮ ಕಾಲೇಜಿನವಳು. ಡಾಕ್ಟರಾಗಲು ಉಕ್ರೇನಿಗೆ ಹೋಗಿ, ಯುದ್ಧ ಶುರುವಾದಾಗ ನೆಲಮಾಳಿಗೆಯಲ್ಲಿ ಅಡಗಿದ್ದು, ಹೇಗೋ ಊರು ಸೇರಿದಳು. ಉಳಿದ ಓದನ್ನು ಬೇರೆ ದೇಶದಲ್ಲಿ ಮುಗಿಸಿ, ಇಲ್ಲಿನ ಪರೀಕ್ಷೆಯನ್ನೂ ಪಾಸು ಮಾಡಿ, ಈಗ ಮೊಳಕಾಲ್ಮೂರಿನ ಸಣ್ಣ ಆಸ್ಪತ್ರೆಯೊಂದರಲ್ಲಿದ್ದಾಳೆ. ಅನುಭವ ಹಂಚಿಕೆಗೆ ಐದು ನಿಮಿಷ ಎಂದಿದ್ದೆ. ರಜೆ ಹಾಕಿ, ಅವ್ವನನ್ನೂ ಕರೆದುಕೊಂಡು ಬಂದಿದ್ದಳು.

ಮುಖ್ಯ ಭಾಷಣಕಾರರು ದೂರದ ವಿಶ್ವವಿದ್ಯಾಲಯದ ಹಿರಿಯ ಪ್ರಾಧ್ಯಾಪಕರು. ಅವರಿಗೆ ಕೊಟ್ಟದ್ದು ನಲವತ್ತು ನಿಮಿಷ, ತೆಗೆದುಕೊಂಡದ್ದು ಎರಡು ಗಂಟೆ. ಈ ಯುದ್ಧವನ್ನು ಐದು ಚೌಕಟ್ಟುಗಳಲ್ಲಿ ನೋಡಬಹುದು ಎಂದರು. ಪ್ರತಿ ಚೌಕಟ್ಟಿನಲ್ಲೂ ದೇಶಗಳಿದ್ದವು, ಗಡಿಗಳಿದ್ದವು, ಗೋಧಿಯಿತ್ತು, ಅನಿಲದ ಕೊಳವೆಯಿತ್ತು. ಮನುಷ್ಯ ಒಬ್ಬನೂ ಇರಲಿಲ್ಲ. ನಡುವೆ, ಕಳಿಂಗ ಯುದ್ಧಕ್ಕಾಗಿ ಅಶೋಕ ಪಟ್ಟ ಪಶ್ಚಾತ್ತಾಪ ನಿಮ್ಮ ಸಿದ್ದಾಪುರದ ಬಂಡೆಯ ಮೇಲೇ ಇದೆಯಲ್ಲ ಎಂದು ನಮ್ಮನ್ನು ಹೊಗಳಿದರು. ವರ್ಷವರ್ಷ ಮಕ್ಕಳನ್ನು ಆ ಬಂಡೆಯ ಹತ್ತಿರ ಕರೆದೊಯ್ಯುವವನು ನಾನು. ಅಶೋಕನ ಆ ಶಾಸನದಲ್ಲಿ ತಂದೆತಾಯಿಯ ಮಾತು ಕೇಳಬೇಕು, ಗುರುವನ್ನು ಗೌರವಿಸಬೇಕು ಎಂದಿದೆಯೇ ಹೊರತು ಕಳಿಂಗದ ಸೊಲ್ಲೇ ಅಲ್ಲಿಲ್ಲ. ಸತ್ಯ ನುಡಿಯಬೇಕು ಎಂದೂ ಇದೆ. ನಾನು ಅವರ ಮುಂದಿನ ನೀರಿನ ಬಾಟಲಿಯನ್ನು ಸ್ವಲ್ಪ ಹತ್ತಿರ ಸರಿಸಿಟ್ಟೆ.

ಮೂರನೆಯ ಚೌಕಟ್ಟಿನಲ್ಲಿದ್ದಾಗ ವಿಮಾನಗಳನ್ನು ಪರೀಕ್ಷಿಸುವ ವರವು ಕಾವಲ್ ಕಡೆಯಿಂದ ವಿಮಾನವೊಂದು ತಗ್ಗಿನಲ್ಲಿ ಹಾದುಹೋಯಿತು. ನಮಗೆ ಅದು ಹೊಸತಲ್ಲ. ಆದರೆ ಪಾಲಾಕ್ಷಿ ಕುರ್ಚಿಯಲ್ಲಿರಲಿಲ್ಲ. ಗೋಡೆಗೆ ಒತ್ತಿ, ತಲೆಯ ಮೇಲೆ ಎರಡೂ ಕೈ ಇಟ್ಟು ಕುಳಿತಿದ್ದಳು. ಅವ್ವ ಸೆರಗಿನಿಂದ ಅವಳ ಮುಖ ಒರೆಸಿ ಎಬ್ಬಿಸಿದಳು. ವೇದಿಕೆಯ ಮೇಲೆ ಪ್ರಾಧ್ಯಾಪಕರು 'ಯುದ್ಧದ ಸಾಮಾನ್ಯೀಕರಣ' ಎಂಬ ಪರಿಕಲ್ಪನೆಯನ್ನು ವಿವರಿಸುತ್ತಿದ್ದರು.

ಊಟದ ಹೊತ್ತು ಮೀರಿದ ಮೇಲೆ ಪಾಲಾಕ್ಷಿಯ ಸರದಿ ಬಂತು. ಅವಳಿದ್ದ ಹಾಸ್ಟೆಲಿನ ಮೇಲ್ವಿಚಾರಕಿ ಲೂಬಾ ಎಂಬಾಕೆ. ಹಿಮದಲ್ಲಿ ರೈಲ್ವೆ ಸ್ಟೇಷನ್ನಿನವರೆಗೆ ನಡೆಯಬೇಕಾದಾಗ ಆಕೆ ತನ್ನ ಶೂಗಳನ್ನೇ ಇವಳ ಕಾಲಿಗೆ ತೊಡಿಸಿ ಕಳಿಸಿದ್ದಳಂತೆ. ಆಮೇಲೆ ಪ್ರತಿ ಭಾನುವಾರವೂ ಫೋನು. ಇವಳು ಕಲಿಸಿದ ಒಂದೇ ಕನ್ನಡ ಮಾತು, 'ಉಂಡ್ಯಾ?', ಅದನ್ನು ಕೇಳದೆ ಆಕೆ ಮಾತು ಶುರು ಮಾಡುತ್ತಿರಲಿಲ್ಲ. ಆಕೆಯ ಮಗನನ್ನು ಸೈನ್ಯಕ್ಕೆ ಕರೆದೊಯ್ದಿದ್ದರು, ಅವನ ಸುದ್ದಿಯಿರಲಿಲ್ಲ. ಈಗ ಮೂರು ಭಾನುವಾರಗಳಿಂದ ಲೂಬಾಳ ಫೋನೂ ಇಲ್ಲ.

ಇಷ್ಟಾಗುವಾಗ ಪ್ರಾಂಶುಪಾಲರು ಕೈಗಡಿಯಾರ ತಟ್ಟಿ ನನ್ನನ್ನು ನೋಡಿದರು. ಎರಡು ಗಂಟೆ ಮಾತಾಡಿದವರಿಗೆ ಕೊಡದ ಚೀಟಿಯನ್ನು ನಾನು ಆ ಹುಡುಗಿಗೆ ಕೊಟ್ಟೆ: 'ದಯವಿಟ್ಟು ಮುಗಿಸಿ'. ಅವಳು ಅದನ್ನು ಓದಿ, ಪ್ರಾಧ್ಯಾಪಕರ ಕಡೆ ತಿರುಗಿದಳು.

"ಸಾರ್, ನಾನು ಅನುಭವ ಹೇಳಾಕೆ ಬಂದಿಲ್ಲ. ನಿಮ್ಮನ್ನ ಒಂದು ಕೇಳಾಕೆ ಬಂದೆ. ಅಲ್ಲಿ ಒಬ್ರು ಬದುಕಿದಾರಾ ಇಲ್ವಾ ಅಂತ ಇಲ್ಲಿಂದ ತಿಳ್ಕೊಳ್ಳೋದು ಹೆಂಗೆ?"

ಅವರು ಕನ್ನಡಕ ತೆಗೆದರು. ಬಹಳ ಮಾರ್ಮಿಕವಾದ ನಿರೂಪಣೆ ಎಂದರು. ಆದರೆ ವ್ಯಕ್ತಿಯೊಬ್ಬರ ಅನುಭವದಿಂದ ಸಾಮಾನ್ಯ ತೀರ್ಮಾನಕ್ಕೆ ಬರಲಾಗದು, ಇದು ಅಧ್ಯಯನದ ಮಿತಿ ಎಂದರು. ಜನ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಹಿಂದಿನ ಸಾಲಿನಿಂದ ಅವ್ವ ಮಾತ್ರ ಪಕ್ಕದವರನ್ನು ಕೇಳಿದ್ದು ಎಲ್ಲರಿಗೂ ಕೇಳಿಸಿತು: "ಈ ಯಪ್ಪಗೆ ಗೊತ್ತೈತಂತಾ, ಇಲ್ಲಂತಾ?"

ನನ್ನ ಸಿಟ್ಟು ಬಂದದ್ದು ಮೂರನೆಯ ದಿನ, ವರದಿ ಬರೆಯುತ್ತಿದ್ದಾಗ. 'ಅರ್ಥಪೂರ್ಣ ಸಂವಾದ ನಡೆಯಿತು' ಎಂಬ ಸಾಲಿಗೆ ಬಂದೆ ನೋಡಿ, ಮೈಯೆಲ್ಲ ಉರಿಯಿತು. ಊರಿಗೆ ಬೆಂಕಿ ಬಿದ್ದಾಗ ಹೊಗೆಯ ಬಣ್ಣವನ್ನು ವಿಂಗಡಿಸುವ ಜನ ನಾವು! ಗೊತ್ತಿಲ್ಲ ಎಂಬ ಒಂದು ಮಾತನ್ನು ಹೇಳಲು ಆ ಮನುಷ್ಯನಿಗೆ ಎಷ್ಟು ಪದವಿ ಕಡಿಮೆ ಬಿದ್ದಿತ್ತು? ಪ್ರಾಂಶುಪಾಲರನ್ನೂ ತಪಾಸಣೆಯವರನ್ನೂ ಮನಸಾರೆ ಬೈದೆ. ಆಮೇಲೆ ಚೀಟಿಯಲ್ಲಿದ್ದ ಕೈಬರಹ ನನ್ನದೇ ಎಂಬುದು ನೆನಪಾಗಿ, ಮೊಳಕಾಲ್ಮೂರಿನ ಬಸ್ಸು ಹತ್ತಿದೆ.

ಕ್ಷಮೆಯ ಮಾತನ್ನು ದಾರಿಯುದ್ದಕ್ಕೂ ಪೀಠಿಕೆಸಹಿತ ಸಿದ್ಧಪಡಿಸಿದ್ದೆ. ಅದಕ್ಕೆ ಅವಕಾಶವೇ ಸಿಗಲಿಲ್ಲ. ಪಾಲಾಕ್ಷಿ ನನ್ನನ್ನು ಕಂಡವಳೇ, "ಲೂಬಾ ಸಿಕ್ಕಿದ್ರು ಸಾರ್" ಅಂದಳು. ಜೊತೆಗೆ ಓದಿದವರಿಗೆಲ್ಲ ಮೆಸೇಜು ಹಾಕಿದ್ದಳಂತೆ. ಅದು ಫೋನಿನಿಂದ ಫೋನಿಗೆ ಹೋಗಿ, ಲೂಬಾಳ ಊರಿನ ಔಷಧಿ ಅಂಗಡಿಯ ಹುಡುಗಿಯೊಬ್ಬಳ ತನಕ ಮುಟ್ಟಿತಂತೆ. ಮನೆಯ ಕಟ್ಟಡ ಕುಸಿದಿದೆ, ಫೋನು ಅದರಡಿಯಲ್ಲಿದೆ, ಲೂಬಾ ತಂಗಿಯ ಹಳ್ಳಿಯಲ್ಲಿದ್ದಾಳೆ. ಮಗನ ಸುದ್ದಿ ಇನ್ನೂ ಇಲ್ಲ.

ನೀನು ಅವತ್ತು ಹೇಳಬೇಕೆಂದಿದ್ದನ್ನು ಈಗ ಹೇಳಮ್ಮ ಎಂದೆ. ನೆಲಮಾಳಿಗೆಯಲ್ಲಿ ಲೂಬಾ ಬೇಯಿಸಿದ ಆಲೂಗಡ್ಡೆಯನ್ನು ಅರ್ಧರ್ಧ ಮಾಡಿ ಹಂಚಿದ್ದನ್ನು ಹೇಳಿದಳು. ಶೂ ಕೊಟ್ಟ ಮೇಲೆ ಆಕೆ ಬರೀ ಕಾಲುಚೀಲದಲ್ಲಿ ಹಿಮದ ಮೇಲೆ ನಿಂತಿದ್ದನ್ನು ಹೇಳಿದಳು. ಹೇಳುತ್ತ ಹೇಳುತ್ತ ಅವಳ ಮಾತು ನಿಂತಿತು. ನನ್ನ ಕೈಯನ್ನೇ ನೋಡುತ್ತಿದ್ದಳು. ನನಗೇ ಅರಿವಿಲ್ಲದೆ ಅವಳ ಔಷಧಿ ಚೀಟಿಯ ಪುಸ್ತಕ ಎಳೆದುಕೊಂಡು, ಮುದ್ದಾದ ಅಕ್ಷರದಲ್ಲಿ ಬರೆದಿದ್ದೆ: '೧. ಶೂ. ೨. ಆಲೂಗಡ್ಡೆ. ೩. ಮಗ (ವಿಸ್ತರಿಸಬಹುದು).'

ಪಾಲಾಕ್ಷಿ ಆ ಹಾಳೆ ಹರಿದು ಬುಟ್ಟಿಗೆ ಹಾಕಿ, ಮುಂದಿನವರನ್ನು ಕಳಿಸಿ ಎಂದು ನರ್ಸಿಗೆ ಹೇಳಿದಳು.

ನಾನು ಎದ್ದು ಬಂದೆ. ಆದರೆ ಹಾಳೆ ಹರಿದರೇನಂತೆ, ಅಧ್ಯಾಪಕನ ಜ್ಞಾಪಕಶಕ್ತಿ ನನ್ನದು. ಆ ಮೂರು ಅಂಶಗಳಲ್ಲಿ ಒಂದನ್ನೂ ಬಿಡದೆ ವಿಸ್ತರಿಸಿದ್ದೇನೆ. ನೀವು ಇಷ್ಟು ಹೊತ್ತು ಓದಿದ್ದು ಅದನ್ನೇ.