ಶವಪೆಟ್ಟಿಗೆ ಮಾಡುವ ಸಭಾಪಾಲಕನನ್ನು ರೋಗಿಗಳ ಬಳಿ ಬಿಡುವ ಕುರಿತು

ಇಂದ,
ಸಭಾಪಾಲಕ ಹಾಗೂ ಬಡಗಿ,
ಟೈರ್ ಅಂಗಡಿಯ ಮಹಡಿಯ ಮೇಲಿನ ಕ್ರೈಸ್ತ ಸಭೆ ಮತ್ತು ಅದರ ಹಿಂದಿನ ಮರಗೆಲಸದ ಶೆಡ್ಡು.

ಗೆ,
ಮಾನ್ಯ ಕಾರ್ಯದರ್ಶಿಗಳು,
ಹಿರಿಯರ ಮಂಡಳಿ,
ಅದೇ ಸಭೆ.

ವಿಷಯ: ಎರಡರಲ್ಲಿ ಒಂದನ್ನು ಬಿಡಬೇಕೆಂದು ಆಜ್ಞೆಯಾಗಿದ್ದರೂ, ಒಂದೇ ಮನೆಗೆ ಎರಡೂ ಕೆಲಸ ಮಾಡಿಕೊಟ್ಟಿದ್ದಕ್ಕೆ ಘಟನೋತ್ತರ ಅನುಮೋದನೆ ಕೋರಿ.

ಉಲ್ಲೇಖ: 1. “ಏನಾದ್ರೂ ಕಸುಬು ಹಿಡೀರಿ” ಎಂಬ ಮಂಡಳಿಯ ಹಿಂದಿನ ಸಲಹೆ.
2. “ಆ ಕಸುಬು ಬಿಡಿ, ಇಲ್ಲಾ ಸಭೆ ಬಿಡಿ” ಎಂಬ ಅದೇ ಮಂಡಳಿಯ ಇತ್ತೀಚಿನ ಆಜ್ಞೆ.

ಮಾನ್ಯರೇ,

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಅರ್ಜಿದಾರನು ತನ್ನ ಬಗ್ಗೆ ತಾನೇ ಮೂರನೆಯವನಂತೆ ಬರೆದುಕೊಂಡಿರುವುದು ಸೊಕ್ಕಿನಿಂದಲ್ಲ. “ನಾನು” ಎಂದು ಶುರು ಮಾಡಿದರೆ ಅದು ಭಾನುವಾರದ ಪ್ರಸಂಗವಾಗಿಬಿಡುತ್ತದೆ ಎಂದು ಅವನ ಹೆಂಡತಿ ಎಚ್ಚರಿಸಿರುವುದೇ ಕಾರಣ.

1. ಸಭೆ ಚಿಕ್ಕದು. ಕಟ್ಟಡದ ಬಾಡಿಗೆ ಕೊಟ್ಟ ಮೇಲೆ ಪಾಲಕನ ಮನೆಗೆ ಉಳಿಯುತ್ತಿದ್ದದ್ದು ಶುಭ ಹಾರೈಕೆ ಮಾತ್ರ. ಆಗ ತಾವೇ ದಯಮಾಡಿಸಿ, ಗುಡಾರ ಹೊಲಿದು ಹೊಟ್ಟೆ ಹೊರೆಯುತ್ತ ಊರೂರಿಗೆ ಸುವಾರ್ತೆ ಸಾರಿದ ಅಪೊಸ್ತಲನನ್ನು ನೆನಪಿಸಿ, ಯಾರ ಮೇಲೂ ಭಾರ ಹಾಕದೆ ಸೇವೆ ಮಾಡುವುದರಲ್ಲಿ ಎಷ್ಟು ಗೌರವವಿದೆ ಎಂದು ವಿವರಿಸಿದಿರಿ. ಅರ್ಜಿದಾರನಿಗೆ ಗುಡಾರ ಹೊಲಿಯಲು ಬಾರದು. ಅಪ್ಪನಿಂದ ಕಲಿತ ಬಡಗಿ ಕೆಲಸ ಬರುತ್ತಿತ್ತು. ನಮ್ಮ ಒಡೆಯನೂ ಬಡಗಿಯ ಮನೆಯಲ್ಲೇ ಬೆಳೆದವನಾದ ಕಾರಣ ಮಂಡಳಿ ಸಂತೋಷದಿಂದ ಒಪ್ಪಿತು. ಆದ್ದರಿಂದ ಶೆಡ್ಡು ಎದ್ದಿತು.

2. ಮೊದಲು ಮಂಚ, ಮೇಜು ಮಾಡಿದ. ಕಾರ್ಖಾನೆಯ ಮಂಚ ಮನೆಬಾಗಿಲಿಗೇ ಬಂದು ಬೀಳುವಾಗ ಪಾಲಕ ಮಾಡಿದ್ದು ಯಾರಿಗೂ ಬೇಕಾಗಲಿಲ್ಲ. ಹೀಗಿರಲಾಗಿ, ಸಭೆಯ ಡ್ರೈವರಣ್ಣ ತೀರಿಕೊಂಡಾಗ ಹೊರಗಿನಿಂದ ತರಿಸಿದ ಪೆಟ್ಟಿಗೆ ಗಿಡ್ಡವಾಗಿ, ಅಷ್ಟೆತ್ತರದ ಮನುಷ್ಯನ ಮೊಣಕಾಲು ಮಡಚಬೇಕಾಗಿ ಬಂತು. ಅಲ್ಲಿಯವರೆಗೆ ತಡೆದುಕೊಂಡಿದ್ದ ಡ್ರೈವರಣ್ಣನ ಹೆಂಡತಿ ಆ ಮೊಣಕಾಲು ನೋಡಿ ಅತ್ತಳು. ಅರ್ಜಿದಾರನು ಪ್ರಾರ್ಥನೆಯನ್ನು ಅರ್ಧಕ್ಕೆ ನಿಲ್ಲಿಸಿ, ಶೆಡ್ಡಿಗೆ ಹೋಗಿ, ಮಾರಾಟವಾಗದ ಮಂಚವೊಂದನ್ನು ಬಿಚ್ಚಿ, ಬೇರೆ ಪೆಟ್ಟಿಗೆ ಹೊಡೆದು ತಂದ. ಅದರಲ್ಲಿ ಡ್ರೈವರಣ್ಣ ಕಾಲು ಚಾಚಿ ಮಲಗಿದ. ಅಂದಿನಿಂದ ಬೇರೆ ಸಭೆಗಳವರೂ ಹುಡುಕಿಕೊಂಡು ಬರತೊಡಗಿದರು. ಮನೆ ನಡೆಯಿತು, ಸೇವೆಯೂ ನಡೆಯಿತು.

3. ತೊಂದರೆ ಶುರುವಾದದ್ದು ರೋಗಿಗಳಿಂದ. ಕಾಯಿಲೆ ಬಿದ್ದವರನ್ನು ಹೋಗಿ ನೋಡುವುದು ಪಾಲಕನ ಕರ್ತವ್ಯ. ಆದರೆ ಅರ್ಜಿದಾರನು ಆಸ್ಪತ್ರೆಯ ವಾರ್ಡಿಗೆ ಕಾಲಿಟ್ಟರೆ ಸಾಕು, ಮಲಗಿದವರು ಎದ್ದು ಕೂರುತ್ತಿದ್ದರು. ಕಾಮಾಲೆಯಿಂದ ಮಲಗಿದ್ದ ತಮ್ಮ ಷಡ್ಕರು ಅವನನ್ನು ಕಂಡೊಡನೆ ಹಾಸಿಗೆಯಿಂದಿಳಿದು, ಗ್ಲೂಕೋಸಿನ ಕಂಬವನ್ನೂ ಜೊತೆಗೆಳೆದುಕೊಂಡು, ವಾರ್ಡಿನ ಆ ತುದಿಯವರೆಗೆ ನಡೆದು ತೋರಿಸಿದರು. ಮುಂದಿನ ಭಾನುವಾರ ಇದು ದೇವರ ಅದ್ಭುತವೆಂದು ಸಭೆಯ ಮುಂದೆ ಸಾಕ್ಷಿ ಹೇಳಿದ್ದೂ ಆಯಿತು. ಅರ್ಜಿದಾರನು ತಲೆತಗ್ಗಿಸಿ ಆಮೆನ್ ಎಂದ.

4. ಕ್ರಮೇಣ ಕಾಯಿಲೆಯ ಸುದ್ದಿ ಅವನ ಕಿವಿಗೆ ಬೀಳುವುದೇ ನಿಂತಿತು. ಫೋನಿನಲ್ಲೇ ಪ್ರಾರ್ಥನೆ ಮಾಡಿಬಿಡಿ, ದೇವರಿಗೆ ದೂರವೇನು ಎಂದರು. ಹೆಂಡತಿ ನಕ್ಕಳು. ಅವನಿಗೆ ನಗು ಬರಲಿಲ್ಲ. ಯಾಕೆಂದರೆ ಜನ ಹೆದರಿದ್ದು ಕಾರಣವಿಲ್ಲದೆ ಅಲ್ಲ. ಯಾರದೇ ಹಣೆಯ ಮೇಲೆ ಕೈಯಿಟ್ಟು ಕಣ್ಣು ಮುಚ್ಚಿದರೂ, ಬೇಡವೆಂದರೂ ಅವರ ಭುಜದ ಅಗಲ ಅವನ ಮನಸ್ಸಿಗೆ ಬಂದು ನಿಲ್ಲುತ್ತಿತ್ತು. ಇದನ್ನು ಅವನು ಹೆಂಡತಿಗೂ ಹೇಳಿರಲಿಲ್ಲ.

5. ಈ ಮಧ್ಯೆ ಮಂಡಳಿಯ ಖಜಾಂಚಿಯವರ ತಾಯಿ, ಅರ್ಧ ಸಭೆಗೆ ಅಕ್ಷರ ಕಲಿಸಿದ ಟೀಚರಮ್ಮ, ಹಾಸಿಗೆ ಹಿಡಿದರು. ನೋಡಲು ಹೋದ ಅರ್ಜಿದಾರನನ್ನು ಖಜಾಂಚಿಯವರು ಬಾಗಿಲಲ್ಲೇ ತಡೆದು, ಅಮ್ಮ ನಿದ್ದೆ ಮಾಡುತ್ತಿದ್ದಾರೆ ಎಂದರು. ಒಳಗಿನಿಂದ ಅಮ್ಮ “ಯಾರಪ್ಪಾ ಅದು?” ಎಂದದ್ದು ಇಬ್ಬರಿಗೂ ಕೇಳಿಸಿತು. ಇಬ್ಬರೂ ಕೇಳಿಸದವರಂತೆ ನಿಂತರು. ಅರ್ಜಿದಾರನು ಮೆಟ್ಟಿಲಿಳಿದು ಬಂದ.

ಮುಂದಿನ ಮಂಗಳವಾರ ಟೀಚರಮ್ಮನ ಸೊಸೆ ಶೆಡ್ಡಿಗೆ ಬಂದರು. ಯಜಮಾನರು ಬ್ಯಾಂಕಿಗೆ ಹೋಗಿದ್ದಾರೆ, ಅತ್ತೆ ಈಗಲೇ ಬರಹೇಳಿದ್ದಾರೆ, ಬರುವಾಗ ಅಳತೆಯ ಟೇಪು ತರಬೇಕಂತೆ ಎಂದರು.

ಟೀಚರಮ್ಮ ದಿಂಬಿಗೊರಗಿದ್ದರು. ಅವನನ್ನು ಕಂಡು ಎದ್ದು ಕೂರಲಿಲ್ಲ.

“ಬಂದವರೆಲ್ಲ ಬರೋ ತಿಂಗಳು ಎದ್ದು ಓಡಾಡ್ತೀರ ಅಂತಾರಪ್ಪ. ಅವರಿಗೆ ಬೇಜಾರಾಗಬಾರದು ಅಂತ ನಾನೂ ಹೂಂ ಅಂತೀನಿ,” ಎಂದರು. “ಸಾಯ್ತಾ ಇದ್ದೀನಿ ಅಂತ ಯಾರ ಹತ್ರನಾದ್ರೂ ಒಂದ್ಸಲ ಬಾಯಿಬಿಟ್ಟು ಹೇಳ್ಕೋಬೇಕಿತ್ತು. ನಿನ್ನ ಹತ್ರ ಆದ್ರೆ ಹೇಳಬಹುದು. ಅಳತೆ ತಗೋ.”

ಅರ್ಜಿದಾರನು ಟೇಪು ಬಿಚ್ಚಿ, ಅಳತೆ ತೆಗೆದುಕೊಂಡ. ತುರುಬನ್ನೂ ಲೆಕ್ಕಕ್ಕೆ ಹಿಡಿ ಎಂದು ಟೀಚರಮ್ಮ ತಮಾಷೆ ಮಾಡಿದರು. ಆಮೇಲೆ ದನಿ ತಗ್ಗಿಸಿ, ಚಿಕ್ಕಂದಿನಿಂದ ತನಗೆ ಕತ್ತಲೆಂದರೆ ಹೆದರಿಕೆ, ಟೀಚರಾದ ಮೇಲೆ ಅದನ್ನು ಯಾರಿಗೂ ಹೇಳುವ ಹಾಗಿರಲಿಲ್ಲ ಎಂದರು. ಪುನರುತ್ಥಾನದ ಮೇಲೆ ಎಷ್ಟೋ ಪ್ರಸಂಗ ಮಾಡಿದ್ದ ಅರ್ಜಿದಾರನಿಗೆ ಆ ಹೊತ್ತಿಗೆ ಒಂದೂ ನೆನಪಾಗಲಿಲ್ಲ.

“ಪೆಟ್ಟಿಗೆ ಒಳಗಡೆನೂ ಉಜ್ಜಿ ನುಣುಪು ಮಾಡ್ತೀನಿ ಟೀಚರಮ್ಮ,” ಎಂದ. “ಯಾರೂ ಕೇಳಲ್ಲ. ಆದ್ರೂ ಮಾಡ್ತೀನಿ.”

ಅವರು ಅವನ ಕೈ ಹಿಡಿದುಕೊಂಡು, ಈಗ ಪ್ರಾರ್ಥನೆ ಮಾಡು, ವಾಸಿ ಮಾಡೆಂದು ಮಾತ್ರ ಕೇಳಬೇಡ ಎಂದರು. ಅವನು ಕಣ್ಣು ಮುಚ್ಚಿದ. ಅಳತೆ ಆಗಲೇ ಮುಗಿದಿದ್ದರಿಂದ ಮನಸ್ಸಿಗೆ ಯಾವ ಅಗಲವೂ ಬರಲಿಲ್ಲ. ಎಷ್ಟೋ ದಿನಗಳ ಮೇಲೆ ಅವನು ಬರೀ ಪ್ರಾರ್ಥನೆ ಮಾಡಿದ.

6. ಕನ್ನಡಕ ಮರೆತು ಹಿಂದಿರುಗಿದ ಖಜಾಂಚಿಯವರು ಕೋಣೆಯ ಬಾಗಿಲು ತೆರೆದಾಗ, ಟೇಪು ಅವರ ತಾಯಿಯ ಉದ್ದಕ್ಕೂ ಚಾಚಿಕೊಂಡೇ ಇತ್ತು. ಆಗ ಅವರು ಆಡಿದ ಮಾತುಗಳು ಅರ್ಜಿಯಲ್ಲಿ ನಮೂದಿಸಲು ಅರ್ಹವಲ್ಲ. ಅಂದೇ ಮಂಡಳಿ ಸೇರಿ, ಉಲ್ಲೇಖ 2ರ ಆಜ್ಞೆ ಹೊರಟು, ಭಾನುವಾರದೊಳಗೆ ತೀರ್ಮಾನ ತಿಳಿಸಲು ಗಡುವು ನೀಡಲಾಯಿತು.

7. ಶುಕ್ರವಾರ ಟೀಚರಮ್ಮ ತೀರಿಕೊಂಡರು.

8. ಖಜಾಂಚಿಯವರು ತಾವೇ ಶೆಡ್ಡಿಗೆ ಬಂದರು. ಅರ್ಜಿದಾರನು ಆಗಲೇ ಹಲಗೆ ಜೋಡಿಸಿ ಮುಗಿಸಿ, ಉಪ್ಪುಕಾಗದ ಹಿಡಿದು ಒಳಮೈ ಉಜ್ಜುತ್ತಿದ್ದ. ಅಮ್ಮ ಆವತ್ತು ಏನು ಹೇಳಿದರು ಎಂದು ಅವರು ಕೇಳಿದರು. ಕತ್ತಲೆಂದರೆ ಹೆದರಿಕೆ ಎಂದಿದ್ದರು ಎಂದು ಅರ್ಜಿದಾರನು ಹೇಳಿದ.

“ನಂಗೆ ಯಾವತ್ತೂ ಹೇಳ್ಲಿಲ್ಲ,” ಎಂದರು ಖಜಾಂಚಿಯವರು. ಹಲಗೆಗಳ ರಾಶಿಯ ಮೇಲೆ ಕೂತರು. “ನಾನು ಹೇಳೋಕೆ ಬಿಡ್ಲೂ ಇಲ್ಲ.”

ಆಮೇಲೆ ಅಂಗಿಯ ತೋಳು ಮಡಚಿಕೊಂಡು, ಒಂದು ತುಂಡು ಉಪ್ಪುಕಾಗದಕ್ಕೆ ಕೈ ಚಾಚಿದರು. ಇಬ್ಬರೂ ಎದುರುಬದುರು ಕೂತು ಉಜ್ಜಿದರು. ಅವರು ಒಂದೇ ಜಾಗವನ್ನು ಮತ್ತೆ ಮತ್ತೆ ಉಜ್ಜುತ್ತಿದ್ದುದನ್ನು ಅರ್ಜಿದಾರನು ತಿದ್ದಲಿಲ್ಲ. ಏಳುವಾಗ, ನಾಳೆ ಸಮಾಧಿಯ ಪ್ರಾರ್ಥನೆಯನ್ನೂ ನೀವೇ ಮಾಡಬೇಕು ಎಂದರು. ಶನಿವಾರ ಅದರಂತೆಯೇ ನಡೆಯಿತು.

ಕಾರಣ, ಮಾನ್ಯರು ಇದನ್ನೆಲ್ಲ ಪರಾಂಬರಿಸಿ, ಆಜ್ಞೆ ಜಾರಿಯಲ್ಲಿರುವಾಗಲೇ ನಡೆದುಹೋದ ಸದರಿ ಎರಡೂ ಕೆಲಸಗಳಿಗೆ ಅನುಮೋದನೆ ನೀಡಬೇಕಾಗಿ ಕೋರಿಕೆ. ಒಂದನ್ನು ಬಿಡಲೇಬೇಕಿದ್ದಲ್ಲಿ, ಶುಕ್ರವಾರ ಶೆಡ್ಡಿನಲ್ಲಿ ನಡೆದದ್ದು ಸೇವೆಯೋ ವ್ಯಾಪಾರವೋ ಎಂಬುದನ್ನು ಮಂಡಳಿಯು ಲಿಖಿತವಾಗಿ ತಿಳಿಸಿದರೆ, ಅರ್ಜಿದಾರನು ಆ ಒಂದನ್ನು ಇಟ್ಟುಕೊಂಡು ಇನ್ನೊಂದನ್ನು ಬಿಡುತ್ತಾನೆ.

ಇತಿ ತಮ್ಮ ವಿಶ್ವಾಸಿ
(ಸಭೆಯಲ್ಲಿ ಈ ಮಾತಿಗೆ ಇರುವ, ದೇವರನ್ನು ನಂಬಿದವನು ಎಂಬ ಅರ್ಥದಲ್ಲೂ),
ಅರ್ಜಿದಾರ

ಅಡಕಗಳು:
1. ಮಂಡಳಿಯ ಆಜ್ಞೆಯ ಪ್ರತಿ. ಮರದ ಪುಡಿ ಅಂಟಿದೆ, ಮನ್ನಿಸಬೇಕು.
2. ಟೀಚರಮ್ಮನ ಸೊಸೆಯ ಹೇಳಿಕೆ. ಬಾಯಿಮಾತಿನದು, ಕೇಳಿದರೆ ಹೇಳುತ್ತಾರೆ.

ವಿ.ಸೂ.: ತಾವು ಬರುವ ಬುಧವಾರ ಹರ್ನಿಯಾ ಆಪರೇಷನ್ನಿಗೆ ದಾಖಲಾಗುತ್ತಿರುವುದು, ಈ ವಿಷಯ ಪಾಲಕರಿಗೆ ತಿಳಿಯಬಾರದೆಂದು ಮನೆಯವರಿಗೆಲ್ಲ ಕಟ್ಟಪ್ಪಣೆ ಮಾಡಿರುವುದು ಅರ್ಜಿದಾರನ ಗಮನಕ್ಕೆ ಬಂದಿದೆ. ಹೆದರಿಕೆಯಾಗುತ್ತಿದ್ದರೆ ಬಂದು ಜೊತೆಗೆ ಕೂರುತ್ತಾನೆ. ದಯಮಾಡಿ ವಾರ್ಡಿನ ನಂಬರು ತಿಳಿಸುವುದು.