ಹೋಗುವುದಕ್ಕೆ ‘ಬಾ’ ಎನ್ನುವ ಭಾಷೆ

ಕಲಿತದ್ದನ್ನು ಕತ್ತಲಾಗುವುದರೊಳಗೆ ಯಾರಿಗಾದರೂ ತೋರಿಸದಿದ್ದರೆ ನನಗೆ ಊಟ ಸೇರುವುದಿಲ್ಲ. ಇದನ್ನು ಜಂಬ ಎನ್ನುವವರು ಎನ್ನಲಿ. ಆಳಂದದ ಶಾಲೆಯೊಂದರಲ್ಲಿ ಗಣಿತ ಹೇಳುವ ನಾನು, ನಿಂಬರ್ಗಾದಿಂದ ಬಸ್ಸಿನಲ್ಲಿ ಓಡಾಡುವಾಗ ಮೊಬೈಲಿನಲ್ಲಿ ಸ್ಪ್ಯಾನಿಷ್ ಕಲಿಯತೊಡಗಿದೆ. ಸ್ಪ್ಯಾನಿಷ್ಷೇ ಯಾಕೆಂದರೆ, ನಮ್ಮ ಸ್ಟಾಫ್ ರೂಮಿನಲ್ಲಿ ಹಿಂದಿ, ಉರ್ದು, ಮರಾಠಿ ಎಲ್ಲರಿಗೂ ಬರುತ್ತವೆ. ಅವನ್ನು ಕಲಿತು ಮೆರೆಯಲು ಜಾಗವೇ ಇಲ್ಲ.

ಮೊದಲು ಸಿಕ್ಕಿದ್ದು ಹೋಗುವ ಕ್ರಿಯಾಪದ. ನಾನು ಹೋಗುತ್ತೇನೆ ಎನ್ನಲು ‘ಬೊಯ್’, ಅವನು ಹೋಗುತ್ತಾನೆ ಎನ್ನಲು ‘ಬಾ’, ನಾವು ಹೋಗೋಣ ಎನ್ನಲು ‘ಬಾಮೊಸ್’. ಒಂದು ದಿನ ನಮ್ಮ ಮನೆಯವರು ಸ್ಕೂಟರ್ ಹತ್ತಿದ್ದನ್ನು ನೋಡಿ, ಉತ್ಸಾಹದಿಂದ ‘ಬಾ!’ ಎಂದೆ. ಅವರು ಸ್ಕೂಟರ್ ನಿಲ್ಲಿಸಿ ವಾಪಸ್ ಬಂದರು. ಒಳಗಿನಿಂದ ಅತ್ತೆಯೂ ಬಂದರು.

“ಗಂಡಗ ‘ಬಾ’ ಅಂತೀಯೇನು ಬೇ?”

“ಕರೀಲಿಲ್ರಿ ಅತ್ತಿ. ಹೋಗಾಕತ್ತಾರ ಅಂದೆ.”

“ಹೋಗೂದಕ್ಕ ‘ಬಾ’ ಅನ್ನೂ ಮಂದಿ ಮನೀ ಹೆಂಗ ಮುಟ್ತಾರ?”

ಅಂದಿನಿಂದ ಅತ್ತೆಗೆ ಆ ಭಾಷೆಯೆಂದರೆ ಆಗುತ್ತಿರಲಿಲ್ಲ. ಅಷ್ಟರಲ್ಲಿ ಅವರ ಕಣ್ಣಿನ ಪೊರೆ ಬಲಿಯಿತು. ಬಾಗಿಲಲ್ಲಿ ನಿಂತ ನನ್ನನ್ನೇ ಪಕ್ಕದ ಮನೆಯವಳೆಂದು ಮಾತಾಡಿಸಿದರು. ಕಲಬುರಗಿಯಲ್ಲಿ ಆಪರೇಷನ್ ಗೊತ್ತುಮಾಡಿದ್ದಾಯಿತು. ಹೊರಡುವ ಬೆಳಿಗ್ಗೆ ನೋಡಿದರೆ, ಕಟ್ಟೆಯ ಮೇಲೆ ಕೂತುಬಿಟ್ಟಿದ್ದಾರೆ.

“ನಾ ಒಲ್ಲೆ. ಕಣ್ಣಾಗ ಕತ್ರಿ ಹಾಕ್ತಾರ.”

ನಮ್ಮ ಮನೆಯವರು ಬೇಡಿಕೊಂಡರು, ಗದರಿದರು. ಏನೂ ನಡೆಯಲಿಲ್ಲ. ನಾನು ಪಕ್ಕದಲ್ಲಿ ಕೂತು ಕೈ ಹಿಡಿದೆ. ಬಾಯಿಗೆ ಬಂದದ್ದು ಅದೇ ಮಾತು: “ಬಾಮೊಸ್, ಅತ್ತಿ.”

“ಮತ್ತದೇ ಹಚ್ಚಿದಿ. ಹಂಗಂದ್ರೇನು?”

“ನೀವು ಹೋಗ್ರಿ ಅಂತಲ್ಲ. ನಾವು ಹೋಗೂಣು ಅಂತ.”

“ಒಳಗೂ ಬರ್ತೀಯೇನು?”

“ಡಾಕ್ಟರ್ ಬಿಟ್ಟಲ್ಲಿ ತನಕ ಬರ್ತೇನಿ.”

ಅತ್ತೆ ಸೆರಗು ಸರಿಮಾಡಿಕೊಂಡು ಎದ್ದರು.

ಆಪರೇಷನ್ ಕೋಣೆಯ ಬಾಗಿಲಲ್ಲಿ ನರ್ಸ್ ನನ್ನನ್ನು ತಡೆದಳು. ಅತ್ತೆ ತಿರುಗಿ, “ಈಗ ನಾ ಒಬ್ಬಾಕೀನೇ ಹೋಗಬೇಕಲ್ಲ, ಏನನ್ನಬೇಕು?” ಎಂದರು.

“ಬೊಯ್.”

“ಬೊಯ್,” ಎಂದು ನನ್ನ ಕೈ ಬಿಡಿಸಿಕೊಂಡು ಒಳಗೆ ನಡೆದೇಬಿಟ್ಟರು. ಇಷ್ಟು ವರ್ಷ ಪಾಠ ಹೇಳಿದ್ದೇನೆ; ಯಾವ ಶಿಷ್ಯನ ಉತ್ತರಕ್ಕೂ ನನ್ನ ಎದೆ ಹಾಗೆ ಉಬ್ಬಿರಲಿಲ್ಲ, ಕಣ್ಣು ಹಾಗೆ ತುಂಬಿರಲಿಲ್ಲ.

ಮರುದಿನ ಪಟ್ಟಿ ಬಿಚ್ಚಿದಾಗ ಅತ್ತೆ ನನ್ನನ್ನು ದಿಟ್ಟಿಸಿ, “ಎಷ್ಟು ಸೊರಗೀದಿ ಯವ್ವಾ,” ಎಂದರು. ಆಮೇಲೆ ಇಡೀ ವಾರ್ಡಿಗೆ ಕೇಳುವಂತೆ, “ನಮ್ಮ ಸೊಸಿಗೆ ಪರದೇಶದ ಮಾತು ಬರ್ತದ,” ಎಂದು ಸಾರಿದರು. ನನಗೆ ಇನ್ನೇನು ಬೇಕು? ಎದ್ದು ನಿಂತು ಬೊಯ್, ಬಾಸ್, ಬಾ, ಬಾಮೊಸ್ ಎಂದು ಕಲಿತದ್ದರಲ್ಲಿ ಒಂದೂ ಬಿಡದೆ ಒಪ್ಪಿಸಿದೆ, ಅರ್ಥವನ್ನೂ ಹೇಳಿದೆ.

ಆಚೆ ಹಾಸಿಗೆಯ ಜೇವರ್ಗಿಯ ಅಜ್ಜಿ ಗಮನವಿಟ್ಟು ಕೇಳಿ, “ಚಲೋ ಅದ ಯವ್ವಾ. ಖರೆ, ಆಗಿಂದ ಎಲ್ಲಾರನೂ ಹೋಗಾಕೇ ಹಚ್ಚೀದಿ. ಉಣ್ಣಾಕ ಕರಿಯೂದಕ್ಕ ಏನಂತಾರ?” ಎಂದಳು.

ಆ ಪಾಠ ನನಗಿನ್ನೂ ಬಂದಿರಲಿಲ್ಲ. ಮೆಲ್ಲಗೆ ರೊಟ್ಟಿಯ ಗಂಟು ಬಿಚ್ಚಿ, “ಬರ್ರಿ ಅಜ್ಜಿ, ಉಣ್ಣೂಣು,” ಎಂದೆ.