ಹೊಸ ಕರ್ನೆಲ್ಲೂ ಶೇಂಗಾ ಎಲೆಗಳೂ

ಕಂಪ್ಯೂಟರಿನ ವಿಷಯದಲ್ಲಿ ಧಾರವಾಡದ ನಮ್ಮ ಸಪ್ತಾಪುರದ ಮಟ್ಟಿಗಾದರೂ ನಾನು ತಿಳಿದವನು ಎಂಬ ನಂಬಿಕೆ ನನಗೆ ಬಹಳ ದಿನಗಳಿಂದ ಇತ್ತು. ಕಾಲೇಜಿನಲ್ಲಿ ಕಲಿಸುತ್ತಿದ್ದುದು ಭೌತಶಾಸ್ತ್ರ. ಆದರೂ ಓಣಿಯಲ್ಲಿ ಯಾರ ಮನೆಯ ಪ್ರಿಂಟರ್ ಕಾಗದ ಕಚ್ಚಿಕೊಂಡರೂ ನನಗೇ ಕರೆ ಬರುತ್ತಿತ್ತು. ಹೋಗಿ ಕಾಗದ ಎಳೆದು, ಚಹಾ ಕುಡಿದು ಬರುತ್ತಿದ್ದೆ. ಇಷ್ಟು ಅನುಭವದ ಬಲದ ಮೇಲೆ, ಎಲ್ಲರ ಮನೆಯಲ್ಲಿದ್ದ ಕಾರ್ಯವ್ಯವಸ್ಥೆಯನ್ನು ಬಿಟ್ಟು ನಮ್ಮ ಕಂಪ್ಯೂಟರಿಗೆ ಲಿನಕ್ಸ್ ಎಂಬುದನ್ನು ಹಾಕಿದ್ದೆ.

ಆ ಕಂಪ್ಯೂಟರಿನೊಳಗೆ ನನ್ನದು ಎನ್ನುವಂಥದ್ದು ಏನೂ ಇರಲಿಲ್ಲ. ಇದ್ದದ್ದೆಲ್ಲ ನನ್ನ ಹೆಂಡತಿ ಗಿರಿಜಾಳದು. ಅವಳು ಶೇಂಗಾಕ್ಕೆ ಬರುವ ಎಲೆಚುಕ್ಕೆ ರೋಗದ ಮೇಲೆ ಪಿಎಚ್.ಡಿ. ಮಾಡುತ್ತಿದ್ದಳು. ಮೂರು ಮುಂಗಾರು ಉಪ್ಪಿನಬೆಟಗೇರಿಯ ಹೊಲಗಳಲ್ಲಿ ಎರೆಮಣ್ಣು ತುಳಿದು ತಂದ ಎಲೆಗಳನ್ನು ಒಂದೊಂದಾಗಿ ಸ್ಕ್ಯಾನ್ ಮಾಡಿ ಅದರಲ್ಲಿ ಇಟ್ಟಿದ್ದಳು. ಡಿಸ್ಕು ತುಂಬಿದಾಗ ನಾನು ಇನ್ನೊಂದು ಡಿಸ್ಕು ತಂದು, ಎರಡನ್ನೂ ಕೂಡಿಸಿ ಒಂದೇ ದೊಡ್ಡ ಜಾಗದಂತೆ ಕಾಣುವ ಹಾಗೆ ಮಾಡಿಕೊಟ್ಟೆ. ಹೀಗೆ ಕೂಡಿಸುವುದಕ್ಕೆಂದೇ ಲಿನಕ್ಸಿನಲ್ಲಿ ವಾಲ್ಯೂಮ್ ಮ್ಯಾನೇಜರ್ ಎಂಬ ಸಾಧನವಿತ್ತು. ಯಾವ ಎಲೆಯ ಚಿತ್ರ ಯಾವ ಡಿಸ್ಕಿನಲ್ಲಿದೆ ಎಂಬುದು ಅದೊಂದಕ್ಕೇ ಗೊತ್ತು. ಫ್ಲಾಪಿಯಲ್ಲಿ ನಕಲು ಇಡೋಣವೆಂದರೆ ಒಂದು ಎಲೆಗೇ ನಾಲ್ಕು ಫ್ಲಾಪಿ ಬೇಕಾಗುತ್ತಿದ್ದವು. ಮೂಲ ಎಲೆಗಳಂತೂ ಒಣಗಿ ಪುಡಿಯಾಗಿ ಎಂದೋ ಕಸಕ್ಕೆ ಹೋಗಿದ್ದವು.

ಆ ಶನಿವಾರ ಮಧ್ಯಾಹ್ನ ಗಿರಿಜಾ ವಿಶ್ವವಿದ್ಯಾಲಯದ ಲ್ಯಾಬಿಗೆ ಹೋಗಿದ್ದಳು. ಸೋಮವಾರ ಅವಳು ಕೊನೆಯ ಅಧ್ಯಾಯವನ್ನು ಚಿತ್ರಗಳ ಸಮೇತ ಗೈಡಿಗೆ ಒಪ್ಪಿಸಬೇಕಿತ್ತು. ನನ್ನ ಕೈಯಲ್ಲಿ ಒಂದು ಕಂಪ್ಯೂಟರ್ ಮಾಸಿಕವಿತ್ತು. ಅದರೊಡನೆ ಒಂದು ಸೀಡಿ ಉಚಿತ. ಸೀಡಿಯಲ್ಲಿ ಲಿನಕ್ಸಿನ ಹೊಸ ಕರ್ನೆಲ್. ಕರ್ನೆಲ್ ಎಂದರೆ ಇಡೀ ಯಂತ್ರವನ್ನು ನಡೆಸುವ ಒಳಗಿನ ತಂತ್ರಾಂಶ. ಹೊಸದು ಹಳೆಯದಕ್ಕಿಂತ ಬಹಳ ಚುರುಕು ಎಂದು ಲೇಖನದಲ್ಲಿ ಬರೆದಿತ್ತು. ಹೆಂಡತಿ ಬರುವಷ್ಟರಲ್ಲಿ ಯಂತ್ರ ಚುರುಕಾಗಿರಲಿ, ಅವಳಿಗೆ ಅನುಕೂಲವಾಗಲಿ ಎಂಬ ಶುದ್ಧ ಪತಿಧರ್ಮದಿಂದ ಪ್ರೇರಿತನಾಗಿ ಹೊಸ ಕರ್ನೆಲ್ ಹಾಕಿ ಯಂತ್ರ ಶುರು ಮಾಡಿದೆ.

ಯಂತ್ರ ನಿಜಕ್ಕೂ ಚುರುಕಾಗಿತ್ತು. ತೆರೆಯುವುದಕ್ಕೆ ಏನೂ ಉಳಿದಿರಲಿಲ್ಲವಲ್ಲ.

ಪರದೆಯ ಮೇಲೆ ಕೂಡಿಸಿದ ಡಿಸ್ಕು ಯಾವುದೂ ಸಿಗುತ್ತಿಲ್ಲ ಎಂಬರ್ಥದ ನಾಲ್ಕು ಸಾಲು ಬಂದು ನಿಂತವು. ಎಲೆಗಳಿಲ್ಲ. ಅಧ್ಯಾಯಗಳಿಲ್ಲ. ಆರಿಸಿ ಮತ್ತೆ ಶುರು ಮಾಡಿದೆ. ಮತ್ತೆ ಅದೇ ನಾಲ್ಕು ಸಾಲು. ಮೂರನೆಯ ಸಲವೂ ಮಾಡಿದೆ, ಅಷ್ಟರಲ್ಲಿ ಅದರ ಮನಸ್ಸು ಬದಲಾಗಿರಬಹುದು ಎಂದು.

ಡಿಸ್ಕಿನ ವಾಯರು ಸಡಿಲಾಗಿರಬೇಕು ಎಂದು ತೀರ್ಮಾನಿಸಿ ಕಂಪ್ಯೂಟರಿನ ಡಬ್ಬಿಯನ್ನು ಪಡಸಾಲೆಗೆ ತಂದು ಬಿಚ್ಚಿದೆ. ಆಗ ಕೆಳಗಿನ ಮನೆಯಿಂದ ಮಾಲೀಕರು ಬಂದರು. ಫೌಜಿನಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಓಣಿಗೆಲ್ಲ ಅವರು ಹವಾಲ್ದಾರ ಕಾಕಾ.

"ಏನ್ರಿ ಮಾಸ್ತರ, ಏನ್ ಬಿಚ್ಚಾಕತ್ತೀರಿ?"

"ಏನಿಲ್ರಿ ಕಾಕಾ. ಕರ್ನೆಲ್ ಬದಲ್ ಮಾಡಿದ್ನಿ. ಗಿರಿಜಾಂದು ಅಭ್ಯಾಸದ್ದೆಲ್ಲಾ ಕಾಣವಲ್ಲದು."

ಕಾಕಾ ನೆಟ್ಟಗೆ ನಿಂತರು. "ಕರ್ನಲ್ ಬದಲಾದ್ರ? ಹಳೇ ಸ್ಟೋರಕೀಪರ ಇನ್ನೂ ಹಳೇ ಸಾಹೇಬನ ಮಾತೇ ಕೇಳತಿರತಾನ್ರಿ. ಹೊಸ ಸಾಹೇಬ ಬಂದು ಬೀಗದಕೈ ಕೇಳಿದ್ರ ಕೊಡೂದಿಲ್ಲ. ನಮ್ಮ ಪಲ್ಟನ್ಯಾಗ ಹಿಂಗ ಆಗಿತ್ತು."

"ಇದು ಆ ಕರ್ನಲ್ ಅಲ್ರಿ ಕಾಕಾ" ಎಂದು ನಾನು ವಿದ್ಯಾವಂತನ ನಗೆ ನಕ್ಕೆ.

ಆ ಹೊತ್ತಿನಲ್ಲಿ ನನ್ನ ಯಂತ್ರದೊಳಗೆ ಆದದ್ದು ಅಕ್ಷರಶಃ ಅದೇ ಆಗಿತ್ತು ಎಂಬುದು ನನಗೆ ಆಮೇಲೆ ತಿಳಿಯಿತು. ಆಗ ತಿಳಿದಿದ್ದರೆ ಹುಬ್ಬಳ್ಳಿಯವರೆಗಿನ ಪ್ರಯಾಣ ಉಳಿಯುತ್ತಿತ್ತು.

ವಾಯರುಗಳನ್ನು ಕಿತ್ತು ಮತ್ತೆ ಸಿಕ್ಕಿಸಿದರೂ ಪ್ರಯೋಜನವಾಗಲಿಲ್ಲ. ಅಷ್ಟರಲ್ಲಿ ಲ್ಯಾಬಿನಿಂದ ಗಿರಿಜಾಳ ಫೋನು. "ಸಂಜಿಕ್ಕ ಬಂದು ಪ್ರಿಂಟ್ ತಗೋತೇನಿ. ಕಾಗದ ಅದಾವಿಲ್ಲೋ ನೋಡ್ರಿ."

"ಕಾಗದ ಅದಾವ" ಎಂದೆ. ಅದು ಸುಳ್ಳಲ್ಲ.

ಹುಬ್ಬಳ್ಳಿಯ ಕೇಶ್ವಾಪುರದಲ್ಲಿ ಡಿಸ್ಕು ರಿಪೇರಿ ಮಾಡುವವರು ಒಬ್ಬರಿದ್ದಾರೆಂದು ಕೇಳಿದ್ದೆ. ಡಬ್ಬಿಯನ್ನು ಸ್ಕೂಟರಿನ ಮೇಲೆ ಒಯ್ಯುವುದು ಹೇಗೆ ಎಂದು ನಾನು ಯೋಚಿಸುತ್ತಿರುವಾಗಲೇ ಕಾಕಾ ಚಪ್ಪಲಿ ಮೆಟ್ಟಿ ಹಿಂದೆ ಹತ್ತಿ ಕುಳಿತರು. "ಕೊಡ್ರಿ ಇಲ್ಲೆ. ಮದ್ದುಗುಂಡಿನ ಪೆಟ್ಟಿಗಿ ಹಿಡದ ಕೈ ಇದು." ದಾರಿಯುದ್ದಕ್ಕೂ ಪ್ರತಿ ತಗ್ಗಿಗೂ ನಾನು ಬ್ರೇಕು ಹಿಡಿಯುತ್ತಿದ್ದೆ. ತಗ್ಗುಗಳೇನೂ ಕಡಿಮೆ ಇರಲಿಲ್ಲ. ಮೂರು ಮುಂಗಾರಿನ ಎಲೆಗಳು ನನ್ನ ಬೆನ್ನಿಗೆ ಒತ್ತಿಕೊಂಡು ಬರುತ್ತಿದ್ದವು.

ಅಂಗಡಿಯವರು ವಯಸ್ಸಾದವರು, ಗಂಭೀರ ಮನುಷ್ಯರು. ಡಿಸ್ಕುಗಳನ್ನು ಲಿನಕ್ಸ್ ಇಲ್ಲದ ತಮ್ಮ ಯಂತ್ರಕ್ಕೆ ಜೋಡಿಸಿ ನೋಡಿದರು. "ಇದರಾಗ ಏನೂ ಇಲ್ರಿ ಸರ. ಖಾಲಿ ತೋರಸಾಕತ್ತೇತಿ. ಫಾರ್ಮ್ಯಾಟ್ ಹೊಡದಬಿಡ್ಲೇನ್ರಿ?"

ಅವರು ಎಷ್ಟು ಭರವಸೆಯಿಂದ ಕೇಳಿದರೆಂದರೆ ನನ್ನ ತಲೆ ತಾನಾಗಿಯೇ ಹೂಂ ಎನ್ನುವಂತೆ ಬಾಗತೊಡಗಿತು. ಹಿಂದೆ ನಿಂತಿದ್ದ ಕಾಕಾ ಕೇಳಿದರು: "ಅಂದ್ರ ಏನ್ ಮಾಡ್ತೀರಿ?"

"ಎಲ್ಲಾ ಅಳಿಸಿ ಹೊಸಾದು ಮಾಡೂದ್ರಿ."

ಕಾಕಾ ಮುಂದೆ ಬಂದು ಡಿಸ್ಕುಗಳ ಮೇಲೆ ಕೈಯಿಟ್ಟು ನಿಂತರು. ಅಂಗಡಿಯವರು ನನ್ನನ್ನು ನೋಡಿದರು. ನಾನು ನೆಲ ನೋಡಿದೆ. ಎಲ್ಲವನ್ನೂ ಮತ್ತೆ ಡಬ್ಬಿಗೆ ಸೇರಿಸಿಕೊಂಡು ಬಂದ ದಾರಿಯಲ್ಲೇ ಹೊರಟೆವು.

ಮನೆ ಮುಟ್ಟಿದಾಗ ಗಿರಿಜಾ ಬಾಗಿಲಲ್ಲಿದ್ದಳು. ಒಳಗೆ ಮೇಜಿನ ಮೇಲೆ ಡಬ್ಬಿಯಿಲ್ಲದ ಪರದೆಯನ್ನು ನೋಡಿಯೇ ಬಂದಿದ್ದಳು.

"ಸ್ವಲ್ಪ ಸರ್ವಿಸಿಂಗ್ ನಡದೇತಿ" ಎಂದೆ.

"ಖರೇ ಹೇಳ್ರಿ."

ಹೇಳಿದೆ. ಅವಳು ಕುರ್ಚಿಯ ಮೇಲೆ ಮೆಲ್ಲಗೆ ಕುಳಿತಳು. ಬೈದಿದ್ದರೆ ನನಗೆ ಸಮಾಧಾನವಾಗುತ್ತಿತ್ತು. ಬೈಯಲಿಲ್ಲ. "ಎಲಿ ಎಲ್ಲಾ ಹೋದುವೇನ್ರಿ?" ಎಂದು ಮಾತ್ರ ಕೇಳಿದಳು. ಆ ದನಿ ಕೇಳಿ ನನಗೆ ಮದುವೆಯಾದಂದಿನಿಂದ ಮಾಡಿದ ಎಲ್ಲ ರಿಪೇರಿಗಳೂ ನೆನಪಾದವು. ಒಂದೂ ಸಮರ್ಥನೆಗೆ ಒದಗಿ ಬರಲಿಲ್ಲ. ಕಾಕಾ ಕೂಡ ಗೋಡೆಯ ಕಡೆ ಮುಖ ಮಾಡಿ ನಿಂತುಬಿಟ್ಟರು.

ಕೊನೆಗೆ ಅವಳೇ ಎದ್ದಳು. "ಏನ್ ಓದಿ ಮಾಡಿದ್ರಿ? ಆ ಪುಸ್ತಕ ಕೊಡ್ರಿ."

ಮಾಸಿಕ ಕೊಟ್ಟೆ. ಶೇಂಗಾ ಎಲೆಯ ಚುಕ್ಕೆಗಳನ್ನು ಎಣಿಸುವ ಕಣ್ಣು ಅದು. ಒಂದು ಸಾಲೂ ಬಿಡದೆ ಓದಿದಳು. ಲೇಖನದ ಕೊನೆಗೆ ಬಂದು ತಲೆಯೆತ್ತಿದಳು. "ಇಲ್ಲೆ 'ಮುಂದಿನ ಪುಟಕ್ಕೆ' ಅಂತ ಐತಿ. ನೋಡೀರೇನು?"

ನೋಡಿರಲಿಲ್ಲ. ಮುಂದಿನ ಪುಟದಲ್ಲಿ ಇಡೀ ಪುಟದ ಜಾಹೀರಾತು. ಅದರಾಚೆಯ ಪುಟದಲ್ಲಿ, ಮೂಲೆಯಲ್ಲಿ, ಇನ್ನೊಂದು ಪರಿಚ್ಛೇದ. ಡಿಸ್ಕುಗಳನ್ನು ಕೂಡಿಸಿಕೊಂಡವರು ಮೊದಲು ವಾಲ್ಯೂಮ್ ಮ್ಯಾನೇಜರಿನ ಹೊಸ ಆವೃತ್ತಿ ಹಾಕಿಕೊಳ್ಳಬೇಕು, ಹಳೆಯ ಸಾಧನ ಹೊಸ ಕರ್ನೆಲ್ಲಿನೊಡನೆ ಕೆಲಸ ಮಾಡುವುದಿಲ್ಲ, ಹಾಗಾದರೆ ಗಾಬರಿಯಾಗದೆ ಹಳೆಯ ಕರ್ನೆಲ್ಲನ್ನೇ ಆಯ್ದುಕೊಂಡು ಯಂತ್ರ ಶುರು ಮಾಡಿ ಎಂದಿತ್ತು.

"ಹಳೇದನ್ನ ಅಳಿಸೀರೋ, ಇಟ್ಟೀರೋ?"

"ಅಳಸೂದ ಮರತಿದ್ನಿ" ಎಂದೆ. ಆ ದಿನ ನಾನು ಮಾಡಿದ ಒಂದೇ ಒಳ್ಳೆಯ ಕೆಲಸ ಅದು. ಅದನ್ನೂ ಮಾಡಿರಲಿಲ್ಲ, ಮರೆತಿದ್ದೆ.

ಡಬ್ಬಿ ಜೋಡಿಸಿದೆ. ಶುರುವಾಗುವಾಗ ಪರದೆಯ ಮೇಲೆ ಎರಡು ಸಾಲು ಬಂದವು: ಹೊಸ ಕರ್ನೆಲ್, ಹಳೆಯ ಕರ್ನೆಲ್. ಮಧ್ಯಾಹ್ನ ಪ್ರತಿ ಸಲವೂ ಕಣ್ಣೆದುರೇ ಬಂದು ಹೋಗಿದ್ದ ಸಾಲುಗಳು. ಅವಳು ಎರಡನೆಯದನ್ನು ಆಯ್ದುಕೊಂಡಳು. ಮೂವರೂ ಪರದೆಯ ಕಡೆ ಬಾಗಿ ನಿಂತೆವು. ಸಾಲುಗಳು ಒಂದರ ಮೇಲೊಂದು ಓಡಿದವು, ನಿಂತವು, ಮತ್ತೆ ಓಡಿದವು. ಆಮೇಲೆ ಅವಳ ಕಡತಗಳು ಸಾಲಾಗಿ ಕಂಡವು. ಒಂದನ್ನು ತೆರೆದಳು. ಹಳದಿ ಅಂಚಿನ ಕಂದು ಚುಕ್ಕೆಗಳುಳ್ಳ ಶೇಂಗಾ ಎಲೆ. ಅಷ್ಟು ರೋಗಿಷ್ಟವಾದ ಎಲೆಯನ್ನು ನೋಡಿ ಅಷ್ಟು ಸಂತೋಷಪಟ್ಟವರು ಧಾರವಾಡ ಜಿಲ್ಲೆಯಲ್ಲಿ ಬೇರೆ ಯಾರೂ ಇರಲಾರರು.

ಗಿರಿಜಾ ಕಣ್ಣೊರೆಸಿಕೊಂಡಳು. ನಾನು ಹತ್ತಿರ ಹೋಗಿ, "ಹಂಗಾರ ಈಗ ಆ ಹೊಸಾ ಸಾಧನ ಹಾಕಿಬಿಟ್ರ..." ಎಂದು ಶುರು ಮಾಡಿದೆ.

"ಕಾಕಾ, ಇವರನ್ನ ಒಂದೀಟು ಹೊರಗ ಕರಕೊಂಡ ಹೋಗ್ರಿ" ಎಂದಳು.

ಸೋಮವಾರ ಅಧ್ಯಾಯ ಗೈಡಿನ ಕೈ ಸೇರಿತು. ಮುಂದೆ ಪ್ರಬಂಧ ಬೈಂಡ್ ಆಗಿ ಬಂದಾಗ ಕೃತಜ್ಞತೆಯ ಪುಟವನ್ನು ನಾನು ಆಸೆಯಿಂದ ತೆರೆದೆ. ಗೈಡು, ಲ್ಯಾಬಿನವರು, ಹೊಲದ ರೈತರು, ತಾಂತ್ರಿಕ ಸಲಹೆಗಾಗಿ ಹವಾಲ್ದಾರ ಕಾಕಾ. ಎಲ್ಲರ ಕೆಳಗೆ ಒಂದು ಸಾಲು: ಕಂಪ್ಯೂಟರನ್ನು ಮುಟ್ಟದೆ ಸಹಕರಿಸಿದ ನನ್ನ ಪತಿಗೆ.

ಪದವಿ ಸಿಕ್ಕ ದಿನ ಗೈಡು ನನ್ನ ಕೈ ಹಿಡಿದು ಕುಲುಕಿದರು.

"ಆ ಕೊನೇ ಸಾಲು ಓದಿದೆ ನೋಡ್ರಿ. ಭಾಳ ದೊಡ್ಡ ಸಹಕಾರ ಕೊಟ್ಟೀರಿ. ಹಿಂಗ ಮುಂದುವರಸ್ರಿ."